ಅಳೆಯದೆ ಬರೆದ ಭುಜ

"ಭುಜ ಅಳೀಲೇ ಇಲ್ವಲ್ಲ ನೀವು?" ಎಂದ ಆತ.

ದರ್ಜಿಯ ಕೈ ನಿಂತಿತು. ಅಳೆಯದೆಯೇ ಬರೆದುಬಿಟ್ಟಿದ್ದಳು: ಬಲಭುಜ ಅರ್ಧ ಇಂಚು ಇಳಿಸಬೇಕು.

ಹನ್ನೊಂದು ವರ್ಷ ಆತನ ಅಂಗಿಗಳನ್ನೆಲ್ಲ ಹೊಲಿದವಳು ಅವಳೇ. ಆತ ಅವಳ ಗಂಡ. ಅದು ಆತನಿಗೆ ಗೊತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಆತ ಲಾರಿ ಹಿಂದಕ್ಕೆ ತೆಗೆಯುವಾಗ ಸ್ವಂತ ತಮ್ಮನೇ ಚಕ್ರದಡಿ ಸಿಕ್ಕಿ ಸತ್ತ. ಮಣ್ಣು ಮಾಡಿ ಬಂದ ಮೂರನೇ ದಿನ ಚಪ್ಪಲಿ ಮೆಟ್ಟಿ ಹೊರಟವನು ತಿರುಗಿ ಬರಲಿಲ್ಲ. ನನ್ನನ್ನು ಬಿಟ್ಟು ಓಡಿಹೋದ ಎಂದು ಅವಳು ಬೈಯದ ದಿನವಿಲ್ಲ. ಹೋದ ತಿಂಗಳು ಪೊಲೀಸರು ಹುಡುಕಿಕೊಟ್ಟರು... ದೂರದ ಮರದ ಡಿಪೋದಲ್ಲಿ, ಬೇರೆ ಹೆಸರಿನಲ್ಲಿ, ದಿಮ್ಮಿ ಹೊರುತ್ತಿದ್ದ. ಹಳೆಯದೇನೂ ನೆನಪಿಲ್ಲ ಎಂದವನನ್ನು, ಅವಳಿಗೆ ಭೇಟಿ ಮಾಡಿಸುವ ಮೊದಲೇ, ಆಸ್ಪತ್ರೆಗೆ ಸೇರಿಸಿದ್ದರು.

"ನಾಟಕ ಆಡ್ತಿದಾನೆ ಡಾಕ್ಟ್ರೇ," ಎಂದು ರೇಗಿದ್ದಳು.

"ನಾಟಕ ಅಲ್ಲಮ್ಮ. ತಡೆಯೋಕಾಗದ ನೋವು ಬಂದಾಗ ಕೆಲವರ ಮನಸ್ಸು ಆ ನೆನಪಿನ ಜೊತೆಗೆ ತಾನು ಯಾರು ಅನ್ನೋದನ್ನೂ ಮುಚ್ಚಿಟ್ಟುಬಿಡುತ್ತೆ. ಅವರು ಬೇಕಂತ ಮರೆತಿಲ್ಲ. ಅಂಗಿ ಹೊಲಿಸ್ಕೊಳ್ಳಿ ಅಂತ ನಿಮ್ಮ ಅಂಗಡಿಗೆ ಕಳಿಸ್ತೀನಿ. ಒತ್ತಾಯ ಮಾಡಿ ನೆನಪಿಸ್ಬೇಡಿ. ಕೇಳಿದ್ರೆ ಸುಳ್ಳೂ ಹೇಳ್ಬೇಡಿ."

ಈಗ ಆತ ಕೇಳಿಯೇಬಿಟ್ಟಿದ್ದ.

"ನಿಮ್ಮ ಭುಜ ನನಗೆ ಗೊತ್ತು," ಎಂದಳು.

ಆತ ಸ್ಟೂಲಿನ ಮೇಲೆ ಕುಸಿದು ಕೂತ. "ನನಗೆ... ಮದುವೆ ಆಗಿತ್ತಾ?"

"ಹೂಂ."

"ನಿಮ್ಮ ಜೊತೆ?"

"ಮತ್ತೆ? ಈ ಸೊಟ್ಟ ಭುಜಕ್ಕೆ ಹನ್ನೊಂದು ವರ್ಷ ಇನ್ಯಾರು ಅಂಗಿ ಹೊಲಿತಿದ್ರು?"

ಆತ ನಗಲಿಲ್ಲ. ಅವಳ ಮುಖದಲ್ಲಿ ಏನನ್ನೋ ಹುಡುಕಿದ. ಸಿಗಲಿಲ್ಲ.

"ಏನೂ ನೆನಪಾಗ್ತಿಲ್ಲ. ತಪ್ಪು ತಿಳ್ಕೋಬೇಡಿ."

ಅವಳು ಅಳತೆ ಪುಸ್ತಕದತ್ತ ಕಣ್ಣಿಳಿಸಿದಳು. 'ಎಷ್ಟು ಬೈದೆ ಇವನನ್ನ... ಇವನು ಓಡಿದ್ದು ನನ್ನಿಂದ ಅಲ್ಲವೇ ಅಲ್ಲ.'

"ಯಾರೋ ಹೋಗ್ಬಿಟ್ಟಿದಾರೆ, ಅಲ್ವಾ?" ಎಂದು ಕೇಳಿದ ಆತ. "ಯಾರು ಅಂತ ಗೊತ್ತಿಲ್ಲ. ಬೆಳಿಗ್ಗೆ ಎದ್ದರೆ ಅಳು ಬರುತ್ತೆ."

"ಹೌದು. ಯಾರು ಅನ್ನೋದನ್ನ ಡಾಕ್ಟರ ಎದುರಿಗೇ ಕೇಳಿ. ನಾನೂ ಪಕ್ಕದಲ್ಲಿ ಕೂತಿರ್ತೀನಿ."

"ನೀವು ಯಾರು ಅಂತ ನನಗೆ ನೆನಪು ಬರದೇ ಹೋದ್ರೆ?"

ಅವಳು ಬರೆದಿದ್ದ ಸಾಲನ್ನು ಹೊಡೆದುಹಾಕಿದಳು. ಕೊರಳಿನ ಟೇಪ್ ತೆಗೆದಳು.

"ಎದ್ದು ನಿಲ್ಲಿ. ಮೊದಲಿಂದ ಅಳೀತೀನಿ."

ಅರ್ಧ ಇಂಚಲ್ಲ. ದಿಮ್ಮಿ ಹೊತ್ತು ಹೊತ್ತು ಬಲಭುಜ ಮುಕ್ಕಾಲು ಇಂಚು ಇಳಿದಿತ್ತು. ಅವಳಿಗೂ ಈ ಮನುಷ್ಯ ಪೂರ್ತಿ ಗೊತ್ತಿರಲಿಲ್ಲ. ಕಣ್ಣೊರೆಸಿಕೊಂಡು ಬರೆದುಕೊಂಡಳು.

"ಯಾವಾಗ ಬರ್ಲಿ?"

"ನಾಳೆ ಬನ್ನಿ."

"ನಾಳೆಗೇ ಅಂಗಿ ಆಗ್ಬಿಡುತ್ತಾ?"

"ಇಲ್ಲ. ಆದ್ರೂ ಬನ್ನಿ."