ಹಿತ್ತಾಳೆಯ ಹಲ್ಲುಚಕ್ರ

ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ದರ್ಜಿ ಹೆಂಗಸು ಕೊರಳಲ್ಲಿದ್ದ ಅಳತೆಪಟ್ಟಿಯನ್ನು ತೆಗೆಯಲೂ ಮರೆತಿದ್ದಳು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ. ಪ್ಲಾಸ್ಟಿಕ್ ಕವರೊಂದನ್ನು ಇನ್‌ಸ್ಪೆಕ್ಟರ್ ಮೇಜಿನ ಮೇಲಿಟ್ಟಳು. ಒಳಗೆ ಗ್ಯಾಸ್ ಒಲೆಯ ನಾಬ್ ಇತ್ತು. ಅದರ ಒಂದು ಮಗ್ಗುಲು ಕರಗಿ ಸೊಟ್ಟಗಾಗಿತ್ತು.

"ಇಪ್ಪತ್ತು ನಿಮಿಷಕ್ಕೆ ತಾನಾಗೇ ಒಲೆ ಆರಿಸುತ್ತೆ ಅಂತ ಡಬ್ಬಿ ಮೇಲೆ ಬರೆದಿತ್ತು ಮೇಡಂ. ನಮ್ಮಕ್ಕನಿಗೆ ಮರೆವು. ಇದಿದೆಯಲ್ಲ ಅಂತ ನಂಬಿ ನಾನು ಅಂಗಡಿಗೆ ಹೋದೆ."

"ಅಕ್ಕ ಈಗ ಎಲ್ಲಿದ್ದಾರೆ?"

"ಆಸ್ಪತ್ರೇಲಿ. ಪಾತ್ರೆ ಸೀದು ಪಕ್ಕದ ಬಟ್ಟೆಗೆ ಬೆಂಕಿ ಹತ್ಕೊಂಡಿದೆ. ಪಾಪ, ಬರಿಗೈಯಲ್ಲೇ ಆರಿಸೋಕೆ ಹೋಗಿದ್ದಾಳೆ."

ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಆರೋಪ: ವಂಚನೆ, ನಿರ್ಲಕ್ಷ್ಯದಿಂದ ತೀವ್ರ ಗಾಯ.

ಡಬ್ಬಿಯ ಮೇಲಿದ್ದ ಹೆಸರಿನ ಜಾಡು ಹಿಡಿದು ಆ ಕಂಪನಿಯ ಎಂಜಿನಿಯರನ್ನು ಕರೆಸಿದ್ದಾಯಿತು. ಮಧ್ಯಾಹ್ನ ಮೂರಕ್ಕೆ ಬಂದವನು ನಾಬನ್ನು ಒಮ್ಮೆ ತಿರುಗಿಸಿ ನೋಡಿ ನಿಟ್ಟುಸಿರುಬಿಟ್ಟ.

"ಇದು ನಮ್ಮದಲ್ಲ ಮೇಡಂ, ನಕಲು. ನಮ್ಮದು ಕ್ರೌಡ್‌ಫಂಡಿಂಗ್. ಇಂಟರ್ನೆಟ್‌ನಲ್ಲಿ ವಿಡಿಯೋ ಹಾಕಿದ್ವಿ. ವಸ್ತು ತಯಾರಾಗೋ ಮೊದಲೇ ಜನ ನಂಬಿ ದುಡ್ಡು ಕೊಟ್ಟರು. ಅವರಿಗೆ ನಾವು ತಲುಪಿಸೋದ್ರೊಳಗೆ ಈ ದರಿದ್ರದ್ದು ಮಾರ್ಕೆಟ್ಟಿಗೆ ಬಂದುಬಿಡ್ತು."

ತನ್ನ ಚೀಲದಿಂದ ಅಸಲಿ ನಾಬೊಂದನ್ನು ತೆಗೆದು, ಎರಡನ್ನೂ ಬಿಚ್ಚಿ ಪಕ್ಕಪಕ್ಕದಲ್ಲಿಟ್ಟ. ಅಸಲಿಯೊಳಗೆ ಹಿತ್ತಾಳೆಯ ಪುಟ್ಟ ಹಲ್ಲುಚಕ್ರ ಹೊಳೆಯುತ್ತಿತ್ತು. ನಕಲಿಯೊಳಗೆ ಅದೇ ಜಾಗದಲ್ಲಿ ಪ್ಲಾಸ್ಟಿಕ್ಕಿನ ಮುದ್ದೆ. ಹಲ್ಲು ಕರಗಿದ ಮೇಲೆ ನಾಬ್ ತಿರುಗುವುದಾದರೂ ಹೇಗೆ?

ಹೆಡ್ ಕಾನ್‌ಸ್ಟೆಬಲ್‌ಗೆ ಠಾಣೆಯಲ್ಲಿ ಭೂತಗನ್ನಡಿ ಎಂದೇ ಅಡ್ಡಹೆಸರು. ಕ್ಯಾಂಟೀನಿನ ಬಿಲ್ಲನ್ನೂ ಬೆಳಕಿಗೆ ಹಿಡಿದು ನೋಡುವ ಆಸಾಮಿ. ಎರಡೂ ನಾಬುಗಳ ಹೊರಚಿಪ್ಪನ್ನು ಕಿಟಕಿಯ ಬಳಿ ಒಯ್ದು ಬಹಳ ಹೊತ್ತು ನಿಂತ.

"ಮೇಡಂ, ಒಳಗಡೆ ಕೂದಲೆಳೆಯಷ್ಟು ಗೀರಿದೆ. ಎರಡರಲ್ಲೂ. ಅದೇ ಜಾಗ, ಅದೇ ಉದ್ದ."

ಎಂಜಿನಿಯರನ ಮುಖ ಸಪ್ಪಗಾಯಿತು. "ಅಂದ್ರೆ... ನಮ್ಮ ಡೈನಲ್ಲೇ, ನಮ್ಮದೇ ಅಚ್ಚಲ್ಲಿ ಒತ್ತಿದ್ದಾರೆ."

"ಡೈ ಯಾರ ಹತ್ತಿರ ಇದೆ?"

"ನಮಗೆ ನಾಬ್ ಮಾಡಿಕೊಡೋ ಮೇಸ್ತ್ರಿ ಶೆಡ್ಡಲ್ಲಿ. ಆದ್ರೆ ಅವರು ಹಾಗೆಲ್ಲ ಮಾಡೋರಲ್ಲ ಮೇಡಂ. ಹೇಳಿದ್ದನ್ನ ಮಾಡ್ಕೊಂಡು ತೆಪ್ಪಗಿರೋ ಮನುಷ್ಯ."

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಇನ್‌ಸ್ಪೆಕ್ಟರ್ ಮತ್ತು ಭೂತಗನ್ನಡಿ ಇಬ್ಬರು ಪಂಚರೊಂದಿಗೆ ಶೆಡ್ಡಿಗೆ ಹೋದರು. ಒಳಗೆ ಬಿಸಿ ಪ್ಲಾಸ್ಟಿಕ್ಕಿನ ವಾಸನೆ. ಡೈ ಯಂತ್ರದಲ್ಲೇ ಇತ್ತು, ಕೈಯಿಟ್ಟರೆ ಇನ್ನೂ ಬೆಚ್ಚಗೆ. ಗೋಡೆಯ ಪಕ್ಕ ಗೋಣಿಚೀಲಗಳ ತುಂಬ ಚಿಪ್ಪು. ಐವತ್ತು ದಾಟಿದ ಮೇಸ್ತ್ರಿ ಕೈ ಒರೆಸಿಕೊಂಡು ಬಂದು, ತಾನೇ ಕುರ್ಚಿ ಎಳೆದು ಹಾಕಿದ. ಜಗಳಕ್ಕೆ ಬರಲಿಲ್ಲ, ಸುಳ್ಳೂ ಹೇಳಲಿಲ್ಲ. ಮಾಲು ಕೊಂಡ ವ್ಯಾಪಾರಿಯ ವಿಳಾಸವನ್ನು ಕೇಳಿದ ಕೂಡಲೇ ಕೊಟ್ಟ.

ಶೆಡ್ಡಿನ ಹಿಂದೆಯೇ ಮನೆ. ಅಡುಗೆಮನೆಯಲ್ಲಿ ಅವನ ಮುದಿತಾಯಿ ಒಲೆಯ ಮುಂದೆ ನಿಂತಿದ್ದಳು. ಒಲೆಗೂ ಅದೇ ನಾಬ್. ಭೂತಗನ್ನಡಿ ಒಲೆ ಆರಿಸಿ, ನಾಬ್ ಕಳಚಿ ಬಿಚ್ಚಿದ. ಒಳಗಿದ್ದದ್ದು ಹಿತ್ತಾಳೆ.

"ನನ್ನ ಮಗನೇ ಮಾಡಿದ್ದು ಕಣಮ್ಮ," ಎಂದಳು ಮುದುಕಿ ಇನ್‌ಸ್ಪೆಕ್ಟರ್ ಕಡೆ ತಿರುಗಿ. "ವಿಡಿಯೋದಲ್ಲೂ ಬಂದಿದ್ದಾನೆ. ಮುಖ ಬಂದಿಲ್ಲ, ಕೈ ಮಾತ್ರ. ತಾಯಿಗೆ ಕೈ ಗೊತ್ತಾಗಲ್ವಾ?"

ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಫೋನು ಬಡಿದುಕೊಂಡಿತು. ದರ್ಜಿ ಹೆಂಗಸು.

"ಅಕ್ಕ ಹೋದ್ಲು ಮೇಡಂ."

ಅವಳು ಫೋನು ಇಡಲಿಲ್ಲ. ಇನ್‌ಸ್ಪೆಕ್ಟರ್ ಅದನ್ನು ಕಿವಿಗೆ ಒತ್ತಿಕೊಂಡೇ ಅಂಗಳಕ್ಕೆ ನಡೆದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಕಳ್ಳರ ತಾಯಂದಿರನ್ನು ಬೇಕಾದಷ್ಟು ನೋಡಿದ್ದರು. ಹೆಮ್ಮೆಪಡುವ ತಾಯಿ ಇದೇ ಮೊದಲು. ಮೇಸ್ತ್ರಿಯನ್ನು ಹೊರಗೆ ಕರೆದು, ತಾಯಿಗೆ ಕೇಳಿಸದಂತೆ ದಸ್ತಗಿರಿಯ ವಿಷಯ ತಿಳಿಸಿದರು. ಹನ್ನೊಂದು ಹತ್ತಕ್ಕೆ ಪಂಚನಾಮೆ ಮುಗಿಯಿತು. ಪ್ರಕರಣಕ್ಕೆ ಸಾವಿನ ಕಲಮು ಸೇರಿತು. ಎರಡು ಗಂಟೆಯೊಳಗೆ ವ್ಯಾಪಾರಿಯೂ ಸಿಕ್ಕಿಬಿದ್ದ.

ಮಧ್ಯಾಹ್ನ ಮೂರಕ್ಕೆ ಠಾಣೆಯಲ್ಲಿ ಮೇಸ್ತ್ರಿಯ ವಿಚಾರಣೆ.

"ಹಿತ್ತಾಳೆ ಯಾಕೆ ತೆಗೆದ್ರಿ?"

"ವ್ಯಾಪಾರಿ ಹೇಳಿದ ಬೆಲೆಗೆ ಹಿತ್ತಾಳೆ ಗಿಟ್ಟಲ್ಲ."

"ಪರೀಕ್ಷೆ ಮಾಡಿದ್ರಾ?"

"ನಲವತ್ತು ಸಲ ತಿರುಗಿಸಿ ನೋಡಿದೆ."

"ಉರಿಯೋ ಒಲೆ ಮೇಲೆ?"

ಮೇಸ್ತ್ರಿ ಉಗುರಿನ ಸಂದಿಯಲ್ಲಿದ್ದ ಪ್ಲಾಸ್ಟಿಕ್ ಚೂರನ್ನು ಕೆರೆದು ತೆಗೆದ.

"ದುಡ್ಡಿಗೋಸ್ಕರನಾ?"

"ದುಡ್ಡು ಬೇಡ ಅನ್ನಲ್ಲ." ಅವನು ತನ್ನ ಅಂಗೈ ನೋಡಿಕೊಂಡ. "ಆ ವಿಡಿಯೋ ನೋಡಿದ ದಿನ ನಿದ್ದೆ ಬರ್ಲಿಲ್ಲ ಮೇಡಂ. ದುಡ್ಡು ಹಾಕಿದ ಸಾವಿರ ಜನರ ಹೆಸರು ಹಾಕಿ ಧನ್ಯವಾದ ಹೇಳಿದ್ದಾರೆ. ಎಂಜಿನಿಯರ್ ಮನೆ ನಾಯಿ ಹೆಸರೂ ಇತ್ತು. ಆಮೇಲೆ ವ್ಯಾಪಾರಿ ಬಂದು, 'ನಿಮ್ಮಂಥ ಕೈ ಊರಲ್ಲಿ ಇನ್ನೊಂದಿಲ್ಲ' ಅಂದ. ಅಷ್ಟು ಸಾಕಾಯ್ತು."

ನಾಲ್ಕೂಕಾಲಿಗೆ ಭೂತಗನ್ನಡಿ ಹೇಳಿಕೆಯನ್ನು ಗಟ್ಟಿಯಾಗಿ ಓದಿದ. ಪ್ಲಾಸ್ಟಿಕ್ ಹಾಕಿದ್ದು, ಮಾರಿದ್ದು, ಸಾವು ಎಲ್ಲಕ್ಕೂ ಮೇಸ್ತ್ರಿ ತಲೆಯಾಡಿಸಿದ. 'ಎಂಜಿನಿಯರ್ ರೂಪಿಸಿದ ಹಲ್ಲುಚಕ್ರದ ಬದಲಿಗೆ' ಎಂಬಲ್ಲಿ ಮಾತ್ರ ಕೈಯೆತ್ತಿ ತಡೆದ.

"ಅದು ತಪ್ಪು. ಗೇರ್ ನನ್ನದು. ಅವರು ಬರೆದು ತಂದಿದ್ದು ತಿರುಗ್ತಾನೇ ಇರ್ಲಿಲ್ಲ. ಹನ್ನೊಂದು ಸಲ ಕೆತ್ತಿ ಕೂರಿಸಿದ್ದು ನಾನು. ಶಾಖಕ್ಕೆ ಪ್ಲಾಸ್ಟಿಕ್ ತಡೆಯಲ್ಲ, ಹಿತ್ತಾಳೇನೇ ಬೇಕು ಅಂತ ಹಟ ಹಿಡಿದಿದ್ದೂ ನಾನೇ."

ಭೂತಗನ್ನಡಿ ಪೆನ್ನೆತ್ತಿ ಇನ್‌ಸ್ಪೆಕ್ಟರ್ ಮುಖ ನೋಡಿದ.

"ಯೋಚನೆ ಮಾಡಿ ಮೇಸ್ತ್ರಿ," ಎಂದರು ಅವರು. "ಇದನ್ನ ಬರೆಸಿದ್ರೆ, ಕರಗುತ್ತೆ ಅಂತ ಗೊತ್ತಿದ್ದೇ ಮಾಡಿದ್ರಿ ಅಂತ ಆಗುತ್ತೆ. ನಿಮ್ಮ ಕುತ್ತಿಗೆಗೇ ಬರುತ್ತೆ."

"ಗೊತ್ತು ಮೇಡಂ. ಬರೀರಿ. ಒಂದು ಕಡೆಯಾದ್ರೂ ಬರೆದಿರ್ಲಿ."

ಆ ಸಾಲನ್ನು ಹೊಡೆದುಹಾಕಿ ಮೇಲೆ ಹೊಸದಾಗಿ ಬರೆದದ್ದಾಯಿತು. ಮೇಸ್ತ್ರಿ ಅದನ್ನು ಎರಡು ಸಲ ಓದಿಕೊಂಡು, ಕೆಳಗೆ ತನ್ನ ಪೂರ್ತಿ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದ. ಇನ್‌ಸ್ಪೆಕ್ಟರ್ ಪಕ್ಕದಲ್ಲಿ ರುಜು ಹಾಕಿ ಸಮಯ ನಮೂದಿಸಿದರು: ನಾಲ್ಕು ನಲವತ್ತು.