ವಿರುದ್ಧ ಪದಗಳ ಪಾಠ

“ಕೊಲ್ಲುವ ಕರುಣೆ, ತಣ್ಣನೆಯ ಬೆಂಕಿ… ಸಾಯೋಕೆ ಹೊರಟ ಗಂಡನನ್ನ ರಾಣಿ ಯಾಕೆ ಹೀಗೆಲ್ಲ ಕರೀತಾಳೆ?”

ಹಳೆಯ ದುರಂತ ನಾಟಕ, ಕೊನೆಯ ಅಂಕ. ತರಗತಿ ಆಕಳಿಸುತ್ತಿತ್ತು. ಪ್ರಶ್ನೆ ಕೇಳಿದ ಸಾಹಿತ್ಯದ ಟೀಚರ್‌ಗೆ ತಕ್ಷಣ ಒಂದು ಉದಾಹರಣೆ ಬೇಕಿತ್ತು. ಬಾಯಿಗೆ ಬಂದದ್ದು, ಹಿಂದಿನ ಸಂಜೆ ಮೆಟ್ಟಿಲ ಬಳಿ ಭೌತಶಾಸ್ತ್ರದ ಮೇಷ್ಟ್ರು ತನಗೇ ಹೇಳಿದ ಮಾತು.

“ಒಬ್ಬ ಮಹಾಶಯ ಹೇಳ್ತಾನೆ, ನೀವು ಹತ್ರ ಇದ್ರೆ ಧೈ… ಧೈರ್ಯ ಬರುತ್ತೆ, ಮಾತಾಡೋಕೆ ಮಾತ್ರ ಭ… ಭಯ!”

ತೊದಲನ್ನೂ ಬಿಡದೆ ಅಣಕಿಸಿದ್ದಳು. ಮಕ್ಕಳು ಬಿದ್ದು ಬಿದ್ದು ನಕ್ಕರು.

ಬಾಗಿಲಲ್ಲಿ ಪ್ರೊಜೆಕ್ಟರ್ ಹಿಡಿದು ಅವನೇ ನಿಂತಿದ್ದ.

ಕಿವಿಗಳು ಕೆಂಪಗಾಗಿದ್ದವು. “ನೀವು ಪ್ರೊಜೆಕ್ಟರ್ ಬೇಕು ಅಂದಿದ್ರಲ್ಲ, ಟೀಚರ್,” ಎಂದು ಅದನ್ನು ಮೇಜಿನ ಮೇಲಿಟ್ಟು ಹೋದ. ದಿನವೂ ಕಾರಿಡಾರಿನ ಆ ತುದಿಯಿಂದಲೇ ಅವಳನ್ನು ಹುಡುಕುತ್ತಿದ್ದ ಕಣ್ಣುಗಳು ಇಂದು ಗೋಡೆ ನೋಡಿದ್ದವು.

ರಾತ್ರಿ ಮನೆಯಲ್ಲಿ ಅವಳಿಗೆ ಊಟ ಸೇರಲಿಲ್ಲ. ಅಕ್ಕ ತಟ್ಟೆ ನೋಡಿ, ಮುಖ ನೋಡಿ ಕೇಳಿದಳು, “ಏನಾಯ್ತೇ?”

“ಒಬ್ರು ನಂಗೆ ಹೇಳಿದ ಮಾತನ್ನ ಮಕ್ಕಳೆದುರು ಹರಾಜು ಹಾಕ್ದೆ.”

“ಕೆಟ್ಟ ಮಾತಾ?”

“ಅಷ್ಟು ಒಳ್ಳೇ ಮಾತು ನಂಗೆ ಯಾರೂ ಹೇಳಿರಲಿಲ್ಲ. ಹೆದರಿ ತಮಾಷೆ ಮಾಡ್ಬಿಟ್ಟೆ.”

“ಮತ್ತೆ ಇದನ್ನ ನಂಗ್ಯಾಕೆ ಹೇಳ್ತಿದೀಯ?”

ಮರುದಿನ ಅವಳು ಪುಸ್ತಕ ತೆರೆಯಲಿಲ್ಲ. “ನಿನ್ನೆ ನಾನು ಅಣಕಿಸಿದ್ದು ಒಬ್ಬರು ನನಗೆ ನಿಜವಾಗಿ ಹೇಳಿದ ಮಾತು. ತಪ್ಪು ಮಾಡಿದೆ. ಒಂದೇ ಮನಸ್ಸಲ್ಲಿ ವಿರುದ್ಧ ಭಾವ ಎರಡೂ ನಿಜ ಆದಾಗ ಜನ ಹಾಗೆ ಮಾತಾಡ್ತಾರೆ. ರಾಣಿಯೂ ಅಷ್ಟೇ.”

ಯಾರೂ ನಗಲಿಲ್ಲ. ಮುಂದಿನ ಬೆಂಚಿನ ಹುಡುಗಿ ಕೈಯೆತ್ತಿದಳು. “ಮಿಸ್, ನೀವು ಅವರಿಗೇನು ಉತ್ತರ ಕೊಟ್ರಿ?”

ಬೆಲ್ ಹೊಡೆದದ್ದೇ ಅವಳು ಲ್ಯಾಬಿಗೆ ನಡೆದಳು. ಅವನು ಲೆನ್ಸ್‌ಗಳನ್ನು ಒರೆಸುತ್ತಿದ್ದ. ತಲೆಯೆತ್ತಲಿಲ್ಲ.

“ಕ್ಷಮಿಸಿ ಅನ್ನೋಕೂ ನಾಚಿಕೆ ಆಗ್ತಿದೆ, ಸರ್.”

“ತೊದಲೋದು ನಂಗೆ ಅಭ್ಯಾಸ. ನಗೋದು ಜನಕ್ಕೆ ಅಭ್ಯಾಸ.” ಅವನ ದನಿ ತಗ್ಗಿತು. “ನೀವು ನಗಲ್ಲ ಅನ್ಕೊಂಡಿದ್ದೆ.”

ಅವಳ ಕಣ್ಣು ತುಂಬಿತು. ನೆಲ ನೋಡುತ್ತಲೇ ಹೇಳಿದಳು, “ನಂಗೂ ನೀವಂದ್ರೆ ಇಷ್ಟ. ಇವತ್ತು ಇದನ್ನ ಹೇಳೋ ಮುಖ ನಂಗಿಲ್ಲ. ಆದ್ರೂ ಹೇಳ್ದೆ.”

ಅವನು ಬಹಳ ಹೊತ್ತು ಅದೇ ಗಾಜನ್ನು ಒರೆಸಿದ.

“ಡ್ರಾ… ಡ್ರಾ…” ಎಂದು ತಡವರಿಸಿದ. ಅವಳು ಪದ ಎತ್ತಿಕೊಡಲಿಲ್ಲ. ಅವನ ಮುಖವನ್ನೇ ನೋಡುತ್ತ ಕಾದಳು.

“ಡ್ರಾಯರಲ್ಲಿ ಇನ್ನೊಂದು ಒರೆಸೋ ಬಟ್ಟೆ ಇದೆ,” ಎಂದ. “ಕೂತ್ಕೊಳ್ಳಿ.”