ಕಂಪ್ಯೂಟರಿಗೆ ಬಾರದ ಮೂರು ಮಾತು

"ಮತ್ತ 'ಫೈಲ್ ಇಲ್ಲ' ಅನ್ನಾಕತ್ತೈತಿ!" ಮಾಲತೇಶ ಕಾಕಾ ಕೀಬೋರ್ಡನ್ನು ಆಚೆ ದೂಡಿದ.

ಕಾವೇರಿ ಗಡಿಯಾರ ನೋಡಿದಳು. ಮೂರೂವರೆ. ಐದಕ್ಕೆ ಓಣಿಯ ಉಸ್ಮಾನಸಾಬರು ಝಾನ್ಸಿಗೆ ಹೊರಡುತ್ತಾರೆ. ಅವರ ಕೈಯಲ್ಲೇ ಸಿತಾರಾಗೆ ಪತ್ರ ಕಳಿಸಬೇಕು.

ಸಿತಾರಾ ಪಕ್ಕದ ಮನೆಯಲ್ಲಿದ್ದ ಗೆಳತಿ. ರೈಲ್ವೆಯಲ್ಲಿದ್ದ ಅವಳ ಅಪ್ಪನಿಗೆ ಝಾನ್ಸಿಗೆ ವರ್ಗವಾಗಿ, ಹೋದ ತಿಂಗಳು ಬೆಂಗೇರಿ ಬಿಟ್ಟು ಹೋದಳು. ಅದರ ಹಿಂದಿನ ದಿನ ಕುಂಟಾಬಿಲ್ಲೆಯಲ್ಲಿ ಇಬ್ಬರಿಗೂ ಜಗಳ. ಔಟಾಗಿದ್ದು ತಾನೇ ಎಂದು ಗೊತ್ತಿದ್ದೂ ಕಾವೇರಿ ಮುಖ ಊದಿಸಿಕೊಂಡು ಒಳಗೇ ಕೂತಿದ್ದಳು. ಮರುದಿನ ಟಾಟಾ ಮಾಡಲೂ ಹೊರಗೆ ಬರಲಿಲ್ಲ. ನೆನೆಸಿಕೊಂಡರೆ ಈಗಲೂ ನಾಚಿಕೆ.

ಸಿತಾರಾಗೆ ಓದಲು ಬರುವುದು ಹಿಂದಿ, ಕಾವೇರಿಗೆ ಬರೆಯಲು ಬರುವುದು ಕನ್ನಡ. ಕಾಕಾ ಹಿಂದಿ ಓದುತ್ತಾನೆ, ಬರೆ ಅಂದರೆ ಬೆವರುತ್ತಾನೆ. "ಕಂಪ್ಯೂಟರ್ ಹಿಂದಿ ಮಾಡಿ ಕೊಡ್ತೈತಿ, ಐದ ಮಿನಿಟಿನ ಕೆಲಸ" ಎಂದು ಸೋಮವಾರ ಜಂಬ ಕೊಚ್ಚಿದ್ದ. ಇವತ್ತು ಶನಿವಾರ!

"ಯಾಕ ಕಾಕಾ, ಹಿಂಗ ಕೈ ಕೊಡ್ತೈತಿ?"

"ಈ ಭಾಷಾಂತರದ ಪ್ರೋಗ್ರಾಮ್ ಯುನಿಕ್ಸ್ ಅನ್ನೋ ಬ್ಯಾರೆ ನಮೂನಿ ಕಂಪ್ಯೂಟರ್‌ಗಂತ ಮಾಡಿದ್ದು. ನಮ್ಮ ಕಂಪ್ಯೂಟರ್‌ದಾಗ ಇರೋದು ವಿಂಡೋಸ್. ನಡುವ ಇನ್ನೊಂದು ಪ್ರೋಗ್ರಾಮ್ ದಲ್ಲಾಳಿಯಂಗ ಕುಂದ್ರಿಸೇನಿ. ಅದು ದಿನಕ್ಕೊಂದು ಫೈಲ್ ಬೇಡತೈತಿ."

"ನಿನ್ನ ದಲ್ಲಾಳಿ ಹೊಟ್ಟಿ ಭಾಳ ದೊಡ್ಡದೈತಿ ಬಿಡು!"

ಆ ಹೊಟ್ಟೆ ತುಂಬಿಸಲು ಇಬ್ಬರೂ ಫ್ಲಾಪಿ ಹಿಡಿದು ದುರ್ಗದಬೈಲಿನ ಸೈಬರ್ ಕೆಫೆಗೆ ಮೂರು ಸಲ ಸೈಕಲ್ ತುಳಿದಿದ್ದರು. ಮೂರು ಸಲವೂ ತಪ್ಪು ಫ್ಲಾಪಿಯದೇ ಎಂದ ಕಾಕಾ. ಕುಣಿಯಲಾರದವಳಿಗೆ ನೆಲ ಡೊಂಕು!

ಕೊನೆಗೂ ಬೇಡಿದ ಫೈಲ್ ಒಂದು ಫ್ಲಾಪಿಯಲ್ಲಿ ಸಿಕ್ಕಿ, ನಾಲ್ಕೂಕಾಲಿಗೆ ಕರಿ ಪರದೆಯ ಮೇಲೆ ಸಾಲುಗಳು ಸರಸರ ಓಡಿದವು. ಹಿಂದಿ ಬಂತು! ಕಾಕಾ ಓದುತ್ತ ಓದುತ್ತ ಹಣೆ ಬಡಿದುಕೊಂಡ.

"ಥೋ! 'ಛಲೋ', 'ಸಿಟ್ಟ ಮಾಡಬ್ಯಾಡಬೇ', 'ಲಗೂನ ಬಾರಬೇ'... ಈ ಮೂರನ್ನ ಹಿಂದಿ ಅಕ್ಷರದಾಗ ಇದ್ದಂಗ ಬರದೈತಿ. ಇದಕ್ಕ ಪುಸ್ತಕದ ಕನ್ನಡ ಅಷ್ಟ ಗೊತ್ತು. ಸಾಲ್ಯಾಗ ಬರದಂಗ ಬರಿ, ಮತ್ತೊಮ್ಮೆ ಹಾಕೋಣು."

"ಮತ್ತೊಮ್ಮೆ?" ಕಾವೇರಿಗೆ ಅಳುವೇ ಬಂತು. ಆ ಮೂರು ಮಾತುಗಳನ್ನು ಸಿಟ್ಟಿನಿಂದ ದಿಟ್ಟಿಸಿದಳು.

ದಿನಾ ಸಂಜೆ ಸಿತಾರಾ ಬಾಗಿಲಲ್ಲಿ ನಿಂತು, ಆಟಕ್ಕೆ ಬೇಗ ಬಾ ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು, "ಲಗೂನ ಬಾರಬೇ ಕಾವೇರಿ!"

"ಬ್ಯಾಡ ಕಾಕಾ. ಹಂಗ ಇರ್ಲಿ."

"ಆಕಿಗೆ ತಿಳೀಬೇಕಲ್ಲೇನ?"

"ಆಕಿಗೆ ಬರೂ ಕನ್ನಡನ ಇದು, ಕಾಕಾ."

ಮನೆಯಲ್ಲಿ ಪ್ರಿಂಟರ್ ಇರಲಿಲ್ಲ. ಕಾವೇರಿ ಪೆನ್ಸಿಲ್ ಚೂಪು ಮಾಡಿಕೊಂಡು, ಪರದೆ ನೋಡುತ್ತ ಒಂದೊಂದೇ ಹಿಂದಿ ಅಕ್ಷರವನ್ನು ಹಾಳೆಗೆ ಇಳಿಸಿದಳು. ಆ ಮೂರು ಮಾತುಗಳನ್ನು ಮಾತ್ರ ಒಂದಿಷ್ಟು ದೊಡ್ಡದಾಗಿ ಬರೆದಳು.